ಇಂಟರ್‌ಕೂಲರ್ ದೊಡ್ಡದು ಹಾಕಿಸಲಾ? ವಾರಂಟಿ ಇನ್ನೂ 14 ತಿಂಗಳಿದೆ

ಹೊಸಪೇಟೆ_12ಚಕ್ರ
ಎಲ್ಲರಿಗೂ ನಮಸ್ಕಾರ. ನನ್ನದು ಬಿಎಸ್6 (ಹೊಸ ಹೊಗೆ ಮಾನದಂಡದ) ಗಾಡಿ, 12 ಚಕ್ರ, 35 ಟನ್ನಿನದು. 1 ಲಕ್ಷ 90 ಸಾವಿರ ಕಿ.ಮೀ. ಓಡಿದೆ. ಇರುವುದು ಒಂದೇ ಗಾಡಿ, ನಾನೇ ಓಡಿಸುತ್ತೇನೆ. ಹೋಗುವಾಗ ಕಬ್ಬಿಣ, ಬರುವಾಗ ಪಣಂಬೂರಿನಿಂದ ಗೊಬ್ಬರ. ದಾರಿ ಶಿರಾಡಿ ಮೇಲೆ.

ಮೂರು ತಿಂಗಳಿಂದ ಘಾಟಿಯಲ್ಲಿ ಪಿಕಪ್ ಸಾಲುತ್ತಿಲ್ಲ. ಗುಂಡ್ಯ ದಾಟಿ ಏರು ಶುರುವಾದರೆ ಮೊದಲು ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಜಾಗದಲ್ಲಿ ಈಗ ಎರಡಕ್ಕೆ ಬರಬೇಕು. ಡೀಸೆಲ್ ಕೂಡ ಜಾಸ್ತಿ ಕುಡಿಯುತ್ತಿದೆ. ಲೀಟರಿಗೆ 3.6 ಬರುತ್ತಿದ್ದದ್ದು 3.1ಕ್ಕೆ ಇಳಿದಿದೆ. ಚೆಕ್ ಲೈಟ್ ಬಂದಿಲ್ಲ. ಶೋರೂಂನಲ್ಲಿ ಕೇಳಿದರೆ "ಲೈಟ್ ಇಲ್ಲ ಅಂದಮೇಲೆ ಗಾಡಿ ಸರಿಯಾಗಿದೆ" ಎಂದು ಕಳಿಸಿದರು.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಬ್ಬರು ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್‌ಗೆ ಹೋಗುವ ಮೊದಲು ತಂಪು ಮಾಡುವ ಭಾಗ) ಹಾಕಿಕೊಡುತ್ತೇನೆ ಅಂದಿದ್ದಾರೆ. ದಪ್ಪ ಕೋರ್, ಗಟ್ಟಿ ವೆಲ್ಡಿಂಗ್, ಕೂಲಿ ಸೇರಿ 38 ಸಾವಿರ. ನನ್ನ ಎಕ್ಸ್‌ಟೆಂಡೆಡ್ ವಾರಂಟಿ ಇನ್ನೂ 14 ತಿಂಗಳಿದೆ. ಹಾಕಿಸಿದರೆ ವಾರಂಟಿ ಪೂರ್ತಿ ಹೋಗುತ್ತದಾ, ಇಲ್ಲ ಇಂಟರ್‌ಕೂಲರಿಗೆ ಮಾತ್ರವಾ? ಕಂತು ಇನ್ನೂ ಎರಡು ವರ್ಷ ಕಟ್ಟಬೇಕು. ಎಂಜಿನ್‌ಗೆ ಏನಾದರೂ ಆದರೆ ನನ್ನಿಂದ ತಡೆಯಲು ಆಗುವುದಿಲ್ಲ. ತಿಳಿದವರು ಹೇಳಿ.

ಘಟ್ಟದ_ಗಾಡಿ
ವಾರಂಟಿ ಇರುವಾಗ ಮುಟ್ಟಬೇಡಿ ಅಣ್ಣ. ಅಷ್ಟೇ.

ತುಮಕೂರು_ಟಿಪ್ಪರ್
ನಾನು ಹಾಕಿಸಿದ್ದೇನೆ. 2018ರ ಬಿಎಸ್4 ಟಿಪ್ಪರ್. ಹಳೆಯದು ಒಡೆದಿತ್ತು, ಅದರ ಜಾಗಕ್ಕೆ ದಪ್ಪ ಕೋರಿನದು ಕೂರಿಸಿದೆ. ಪಿಕಪ್ ಚೆನ್ನಾಗಿ ಬಂತು, ಏರಿನಲ್ಲಿ ಹೊಗೆ ನಿಂತಿತು. ನಾಲ್ಕು ವರ್ಷ ಆಯಿತು, ಒಂದು ರೂಪಾಯಿ ಖರ್ಚಿಲ್ಲ. ಧೈರ್ಯವಾಗಿ ಹಾಕಿಸಿ.

ಹುಬ್ಬಳ್ಳಿ_ಗ್ಯಾರೇಜ್
ಯಜಮಾನ್ರೆ, 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅದಕ್ಕೆ ಹೇಳುತ್ತೇನೆ. ಮೂರು ತಿಂಗಳ ಹಿಂದೆ ಇದೇ ಇಂಟರ್‌ಕೂಲರಿನಲ್ಲಿ ನಿಮ್ಮ ಗಾಡಿ ಮೂರನೇ ಗೇರಿನಲ್ಲಿ ಹತ್ತುತ್ತಿತ್ತು ಅಲ್ವಾ? ಅದೇ ದಾರಿ, ಅದೇ ಲೋಡ್. ಇಂಟರ್‌ಕೂಲರ್ ಅಂತೂ ಚಿಕ್ಕದಾಗಿಲ್ಲ. ಹಾಗಾದರೆ ಏನೋ ಒಂದು ಕೆಟ್ಟಿದೆ. ಅದನ್ನು ಹುಡುಕದೆ ದೊಡ್ಡದು ಹಾಕಿದರೆ 38 ಸಾವಿರವೂ ಹೋಯಿತು, ರೋಗವೂ ಹಾಗೇ ಉಳಿಯಿತು.

ಇಷ್ಟು ನೋಡಿದ್ದೀರಾ?

ಟರ್ಬೊದಿಂದ ಇಂಟರ್‌ಕೂಲರಿಗೆ ಬರುವ ಹೋಸ್, ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್. ಕ್ಲಾಂಪಿನ ಹತ್ತಿರ ಕಪ್ಪಗೆ ಎಣ್ಣೆಯ ಜಿಡ್ಡು ಕೂತಿದ್ದರೆ ಅಲ್ಲಿಂದ ಗಾಳಿ ಹೋಗುತ್ತಿದೆ ಎಂದೇ ಅರ್ಥ. ಆಮೇಲೆ ಏರ್ ಫಿಲ್ಟರ್. ಆಮೇಲೆ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದು. ನಿಮ್ಮ ಕಡೆಯ ಅದಿರಿನ ಕೆಂಪು ಧೂಳು ಅಲ್ಲಿ ಸಿಮೆಂಟಿನ ಹಾಗೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಕೊನೆಗೆ ಲೀಕ್ ಟೆಸ್ಟ್. ಅದು ಮಾಡಿಸಿದ್ದೀರಾ ಇಲ್ವಾ, ಮೊದಲು ಅದನ್ನು ಹೇಳಿ.

ಹೊಸಪೇಟೆ_12ಚಕ್ರ
ಲೀಕ್ ಟೆಸ್ಟ್ ಮಾಡಿಸಿಲ್ಲ ಅಣ್ಣ. ಶೋರೂಂನವರು ಸ್ಕ್ಯಾನರ್ ಹಾಕಿ, ನಿಂತಲ್ಲೇ ರೇಸ್ ಕೊಟ್ಟು ನೋಡಿದರು.

ಹುಬ್ಬಳ್ಳಿ_ಗ್ಯಾರೇಜ್
ನಿಂತಲ್ಲಿ ರೇಸ್ ಕೊಟ್ಟರೆ ಏನು ತಿಳಿಯುತ್ತದೆ? ಲೋಡ್ ಇಲ್ಲದಿದ್ದರೆ ಟರ್ಬೊ ಹೆಚ್ಚು ಬೂಸ್ಟ್ (ಗಾಳಿಯ ಒತ್ತಡ) ಕಟ್ಟುವುದಿಲ್ಲ. ಸ್ಕ್ಯಾನರಿನಲ್ಲಿ ಎರಡು ಅಂಕಿ ಬರುತ್ತವೆ. ಎಂಜಿನ್ ಕೇಳುತ್ತಿರುವ ಬೂಸ್ಟ್ ಒಂದು, ನಿಜಕ್ಕೂ ಸಿಗುತ್ತಿರುವುದು ಇನ್ನೊಂದು. ಲೋಡ್ ಹಾಕಿಕೊಂಡು ಏರು ಹತ್ತುವಾಗ ಎರಡನ್ನೂ ಜೊತೆಗೆ ನೋಡಬೇಕು. ವ್ಯತ್ಯಾಸ ಇದ್ದರೂ ಒಂದು ಮಿತಿ ದಾಟುವವರೆಗೆ ಚೆಕ್ ಲೈಟ್ ಬರುವುದಿಲ್ಲ.

ನಿಪ್ಪಾಣಿ_ಡ್ರೈವರ್
ಕಪ್ಪು ಹೊಗೆ ಬರುತ್ತಿದೆಯಾ? ಬರದಿದ್ದರೆ ಲೀಕ್ ಇಲ್ಲ ಅಂತಲೇ ಲೆಕ್ಕ.

ಪೀಣ್ಯ_ಎಂಜಿನಿಯರ್
@ನಿಪ್ಪಾಣಿ_ಡ್ರೈವರ್ ಅದು ಹಳೆಯ ಗಾಡಿಗಳ ಲೆಕ್ಕ ಸರ್. ಬಿಎಸ್6 ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಮಸಿ ಸೈಲೆನ್ಸರಿನಿಂದ ಹೊರಗೆ ಬರುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. ಗಾಳಿ ಲೀಕ್ ಆದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಜಾಸ್ತಿಯಾಗುತ್ತದೆ, ಡಿಪಿಎಫ್ ಬೇಗ ತುಂಬುತ್ತದೆ. ಹೊಗೆ ನೋಡುವ ಬದಲು ರೀಜನರೇಶನ್ (ಫಿಲ್ಟರಿನ ಮಸಿಯನ್ನು ಗಾಡಿಯೇ ಸುಟ್ಟು ತೆಗೆಯುವುದು) ಎಷ್ಟು ಸಲ ಆಗುತ್ತಿದೆ ಎಂದು ನೋಡಬೇಕು. ಹೊಸಪೇಟೆಯವರೇ, ಮೊದಲಿಗಿಂತ ಜಾಸ್ತಿ ಆಗುತ್ತಿದೆಯಾ?

ಹೊಸಪೇಟೆ_12ಚಕ್ರ
ಹೌದು ಸರ್! ಮೊದಲು ಯಾವಾಗಲೋ ಒಮ್ಮೆ ಬರುತ್ತಿತ್ತು. ಈಗ ವಾರಕ್ಕೆ ಎರಡು ಮೂರು ಸಲ. ಡೀಸೆಲ್ ಕೆಟ್ಟದ್ದಿರಬೇಕು ಎಂದು ಬಂಕ್ ಬದಲಾಯಿಸಿದ್ದೆ.

ಪೀಣ್ಯ_ಎಂಜಿನಿಯರ್
ಹಾಗಾದರೆ ಹುಬ್ಬಳ್ಳಿಯವರು ಹೇಳಿದ್ದೇ ಸರಿ ಅನ್ನಿಸುತ್ತದೆ. ದೊಡ್ಡ ಇಂಟರ್‌ಕೂಲರಿನಿಂದ ಎಷ್ಟು ಲಾಭ ಬರುತ್ತದೆ ಎಂದು ಒಂದು ಲೆಕ್ಕ ಹಾಕೋಣ.

ಏರಿನಲ್ಲಿ ಪೂರ್ತಿ ಲೋಡಿನಲ್ಲಿದ್ದಾಗ ಟರ್ಬೊದಿಂದ ಹೊರಬರುವ ಗಾಳಿ 180 ಡಿಗ್ರಿ ಬಿಸಿ ಇದೆ ಅಂದುಕೊಳ್ಳಿ. ಕಂಪನಿಯ ಇಂಟರ್‌ಕೂಲರ್ ಅದನ್ನು 55ಕ್ಕೆ ಇಳಿಸುತ್ತದೆ ಅಂದುಕೊಳ್ಳಿ. ಕೆಲ್ವಿನ್ ಲೆಕ್ಕದಲ್ಲಿ 453ರಿಂದ 328. ಒತ್ತಡ ಅಷ್ಟೇ ಇದ್ದರೆ ಗಾಳಿ 38% ದಟ್ಟವಾಗುತ್ತದೆ. ಇದು ಇಂಟರ್‌ಕೂಲರಿನ ನಿಜವಾದ ಕೆಲಸ, ಕಂಪನಿಯದು ಅದನ್ನು ಆಗಲೇ ಮಾಡಿಕೊಡುತ್ತಿದೆ. ಈಗ ದೊಡ್ಡದು ಹಾಕಿ ಇನ್ನೂ 10 ಡಿಗ್ರಿ ಇಳಿಸಿದಿರಿ, 45ಕ್ಕೆ ಬಂತು. 328ರಿಂದ 318. ಸಿಗುವುದು ಬರೀ 3%.

ಆ 3% ಗಾಳಿಯೂ ತಾನಾಗಿ ಶಕ್ತಿ ಆಗುವುದಿಲ್ಲ. ಎಷ್ಟು ಡೀಸೆಲ್ ಬಿಡಬೇಕು ಎಂದು ತೀರ್ಮಾನಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಅದಕ್ಕೆ ಕಂಪನಿ ಕೊಟ್ಟ ಮಿತಿ ಇದೆ. ಗಾಳಿ ಜಾಸ್ತಿ ಬಂತು ಎಂದು ಅದು ಮಿತಿ ದಾಟಿ ಡೀಸೆಲ್ ಬಿಡುವುದಿಲ್ಲ.

ತುಮಕೂರು_ಟಿಪ್ಪರ್
ಲೆಕ್ಕ ಸರಿ ಇರಬಹುದು ಸರ್, ಆದರೆ ನನ್ನ ಗಾಡಿಯಲ್ಲಿ ಪಿಕಪ್ ಬಂದದ್ದು ಸುಳ್ಳಲ್ಲ. ಕೈಯಾರೆ ಓಡಿಸಿದ್ದೇನೆ.

ಪೀಣ್ಯ_ಎಂಜಿನಿಯರ್
ಸುಳ್ಳು ಅನ್ನುತ್ತಿಲ್ಲ ಅಣ್ಣ. ಹಳೆಯದು ಒಡೆದಿತ್ತು ಎಂದು ನೀವೇ ಬರೆದಿದ್ದೀರಿ. ಒಡೆದದ್ದನ್ನು ತೆಗೆದು ಒಡೆಯದ್ದನ್ನು ಹಾಕಿದ್ದಕ್ಕೆ ಪಿಕಪ್ ಬಂತು. ಕಂಪನಿಯದೇ ಹೊಸದು ಹಾಕಿದ್ದರೂ ಬರುತ್ತಿತ್ತು.

ತುಮಕೂರು_ಟಿಪ್ಪರ್
ಅದು ಒಪ್ಪುವ ಮಾತು. ಆದರೂ ಕ್ವಾರಿ ಕೆಲಸಕ್ಕೆ ದಪ್ಪ ಕೋರ್ ತಡೆಯುತ್ತದೆ ಅನ್ನುವುದು ನನ್ನ ಅನುಭವ. ಕಂಪನಿಯದು ಕಲ್ಲು ಸಿಡಿದರೆ ತೂತಾಗುತ್ತದೆ.

ಹುಬ್ಬಳ್ಳಿ_ಗ್ಯಾರೇಜ್
ಕ್ವಾರಿಗೆ ಸರಿ, ಘಾಟಿಗೆ ಬೇರೆ ಮಾತು. ಲೋಡ್ ಗಾಡಿ ಏರಿನಲ್ಲಿ ಹೋಗುವುದೇ 15, 20 ಕಿ.ಮೀ. ವೇಗದಲ್ಲಿ. ಆಗ ಎದುರು ಗಾಳಿ ಎಲ್ಲಿದೆ? ಎಲ್ಲವೂ ಫ್ಯಾನ್ ಎಳೆಯುವ ಗಾಳಿಯ ಮೇಲೆ ನಿಂತಿದೆ. ಇಂಟರ್‌ಕೂಲರ್ ಕೂರುವುದು ರೇಡಿಯೇಟರಿನ ಮುಂದೆ. ಅದನ್ನು ದಪ್ಪ ಮಾಡಿದರೆ ಹಿಂದಿನ ರೇಡಿಯೇಟರಿಗೆ ಗಾಳಿ ಕಡಿಮೆ. ಫ್ಯಾನ್ ಜಾಸ್ತಿ ಹೊತ್ತು ತಿರುಗುತ್ತದೆ, ಅದೂ ಎಂಜಿನ್ ಶಕ್ತಿಯನ್ನೇ ತಿನ್ನುತ್ತದೆ. ದಪ್ಪ ಕೋರ್ ಹಾಕಿಸಿದ ಒಂದು ಗಾಡಿ ಅರಬೈಲ್ ಘಾಟಿಯಲ್ಲಿ ಬಿಸಿಯಾಗಿ ನಿಂತು ನನ್ನ ಹತ್ತಿರ ಬಂದಿತ್ತು. ಹಳೆಯದನ್ನೇ ತೊಳೆದು ವಾಪಸ್ ಹಾಕಿದ ಮೇಲೆ ಸರಿಹೋಯಿತು.

ಕೋಲಾರ_ತರಕಾರಿ_ಗಾಡಿ
ಈಗ ಎಸಿ ಕ್ಯಾಬಿನ್ ಬೇರೆ ಬಂದಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಕಡ್ಡಾಯ. ಅದರ ಕಂಡೆನ್ಸರ್ ಕೂಡ ಮುಂದೆಯೇ ಕೂತರೆ ಇನ್ನೂ ಬಿಸಿ ಅಲ್ವಾ?

ನಿಪ್ಪಾಣಿ_ಡ್ರೈವರ್
ಬಿಸಿಯಾದರೂ ಪರವಾಗಿಲ್ಲ ಅಣ್ಣ, ಎಸಿ ಬೇಕೇ ಬೇಕು. ಮೇ ತಿಂಗಳಲ್ಲಿ ರಾಯಚೂರಿನಿಂದ ಸೋಲಾಪುರಕ್ಕೆ ಹಗಲು ಓಡಿಸಿ ನೋಡಿ. ಎಂಜಿನ್ ಪಕ್ಕದಲ್ಲೇ ಕೂತಿರುತ್ತೇವೆ. ಬೆನ್ನಿಗೆ ಅಂಟಿದ ಅಂಗಿ ಒಣಗುವುದು ರಾತ್ರಿಯೇ. ನಿದ್ದೆ ಬರುವುದೂ ಆ ಸೆಖೆಗೇ.

ಕೋಲಾರ_ತರಕಾರಿ_ಗಾಡಿ
ಅದು ನೂರಕ್ಕೆ ನೂರು ನಿಜ. ಡ್ರೈವರ್ ತಂಪಾಗಿದ್ದರೆ ಗಾಡಿಯೂ ಉಳಿಯುತ್ತದೆ.

ಘಟ್ಟದ_ಗಾಡಿ
ಹೊಸಪೇಟೆ ಅಣ್ಣ, ಲೋಡ್ ಎಷ್ಟು ಹಾಕುತ್ತೀರಿ? ಪಾಸಿಂಗ್ ಒಳಗೇನಾ?

ಹೊಸಪೇಟೆ_12ಚಕ್ರ
ಪಾಸಿಂಗ್ ಒಳಗೇ. ಗೊಬ್ಬರದ ಲೋಡಿಗೆ ತೂಕದ ಚೀಟಿ ಇರುತ್ತದೆ, ಜಾಸ್ತಿ ಹಾಕಲು ಬಿಡುವುದೂ ಇಲ್ಲ.

ದುರ್ಗದ_ವಕೀಲ
ವಾರಂಟಿ ವಿಷಯಕ್ಕೆ ಬರುತ್ತೇನೆ. ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮೊದಲು ನಿಮ್ಮ ವಾರಂಟಿ ಪುಸ್ತಕದಲ್ಲಿ "ಅನ್ವಯಿಸುವುದಿಲ್ಲ" ಎಂಬ ಭಾಗ ಓದಿ. ಸಾಮಾನ್ಯವಾಗಿ ಎರಡು ರೀತಿ ಬರೆದಿರುತ್ತಾರೆ. ಹೊರಗಿನ ಬಿಡಿಭಾಗದಿಂದ ಆದ ಹಾನಿಗೆ ವಾರಂಟಿ ಇಲ್ಲ ಎಂಬುದು ಒಂದು. ಮಾರ್ಪಾಡು ಮಾಡಿದರೆ ವಾರಂಟಿಯೇ ರದ್ದು ಎಂಬುದು ಇನ್ನೊಂದು. ಎರಡಕ್ಕೂ ಅಜಗಜಾಂತರ. ಮೊದಲನೆಯದಾದರೆ ನಿಮ್ಮ ಗೇರ್‌ಬಾಕ್ಸ್ ಹೋದಾಗ ಇಂಟರ್‌ಕೂಲರ್ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎರಡನೆಯದಾದರೆ ಪ್ರತಿ ಸಲ ಜಗಳ. ಟರ್ಬೊ, ಪಿಸ್ಟನ್, ಡಿಪಿಎಫ್ ಹೋದರೆ ಎರಡರಲ್ಲೂ ನಿಮಗೆ ಕಷ್ಟವೇ. ಅವೆಲ್ಲ ಅದೇ ಗಾಳಿಯ ದಾರಿಯಲ್ಲಿವೆ.

2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಂದು ಆದೇಶ ಮಾಡಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂದು ಷರತ್ತು ಹಾಕಬಾರದು ಎಂದಿತು. ಒಳ್ಳೆಯ ಆದೇಶ. ಆದರೆ ಅದು ಕಾರಿನವರ ಮೇಲಿನ ಪ್ರಕರಣ. ಅದನ್ನೇ ನಂಬಿಕೊಂಡು ಲಾರಿಗೆ 38 ಸಾವಿರ ಹಾಕಬೇಡಿ.

ಡಲ್ಲಾಸ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ 1975ರ ಕಾಯ್ದೆ ಇದೆ, ಮ್ಯಾಗ್ನಸನ್ ಮಾಸ್ ವಾರಂಟಿ ಕಾಯ್ದೆ. ನಮ್ಮ ಬ್ರ್ಯಾಂಡಿನ ಬಿಡಿಭಾಗವನ್ನೇ ಹಾಕಿದರೆ ಮಾತ್ರ ವಾರಂಟಿ ಎಂದು ಕಂಪನಿ ಷರತ್ತು ಹಾಕುವಂತಿಲ್ಲ. ಹಾಕಬೇಕಾದರೆ ಆ ಭಾಗ ಪುಕ್ಕಟೆ ಕೊಡಬೇಕು, ಇಲ್ಲ ಸರ್ಕಾರದಿಂದ ವಿನಾಯಿತಿ ಪಡೆಯಬೇಕು. ನನ್ನದು ಡೀಸೆಲ್ ಪಿಕಪ್ ಟ್ರಕ್, ಹಿಂದೆ ಟ್ರೇಲರ್ ಎಳೆಯಲು ದೊಡ್ಡ ಇಂಟರ್‌ಕೂಲರ್ ಹಾಕಿಸಿದ್ದೇನೆ. ಇಲ್ಲಿ ತುಂಬಾ ಜನ ಹಾಕಿಸುತ್ತಾರೆ.

ಆದರೂ ಹೇಳುತ್ತೇನೆ, ಕಾಯ್ದೆ ಇದ್ದರೂ ಕೌಂಟರಿನಲ್ಲಿ ಜಗಳ ತಪ್ಪುವುದಿಲ್ಲ. ಟರ್ಬೊ ಹೋದರೆ ಮೊದಲು ಬೆರಳು ತೋರಿಸುವುದು ಇಂಟರ್‌ಕೂಲರಿನ ಕಡೆಗೇ. ಅದಕ್ಕೆ ಕಂಪನಿಯದನ್ನು ಬಿಸಾಡದೆ ಗ್ಯಾರೇಜಿನಲ್ಲೇ ಇಟ್ಟಿದ್ದೇನೆ. ಇಸಿಯು ಮಾತ್ರ ಮುಟ್ಟಿಸಿಲ್ಲ. ಅದನ್ನು ಮುಟ್ಟಿದರೆ ಕುರುಹು ಉಳಿಯುತ್ತದೆ.

ದುರ್ಗದ_ವಕೀಲ
@ಡಲ್ಲಾಸ್_ಕನ್ನಡಿಗ ಅಂಥ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ನಮಗೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ.

ತುಮಕೂರು_ಟಿಪ್ಪರ್
ಲಾರಿಯವರು ಗ್ರಾಹಕರೇ ಅಲ್ಲ ಅನ್ನುತ್ತಾರಲ್ಲ ಸರ್? ವ್ಯಾಪಾರಕ್ಕೆ ತಗೊಂಡ ಗಾಡಿ ಎಂದು.

ದುರ್ಗದ_ವಕೀಲ
ಅದು ಅರ್ಧ ಮಾತು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ತಗೊಂಡದ್ದು ವಾಣಿಜ್ಯ ಉದ್ದೇಶ ಅಲ್ಲ ಎಂದು ಕಾಯ್ದೆಯೇ ಹೇಳುತ್ತದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಾರಿಯ ಉದಾಹರಣೆಯನ್ನೇ ಕೊಟ್ಟಿದೆ. ತಾನೇ ಓಡಿಸಿ ಬದುಕಲು ಲಾರಿ ಕೊಂಡವನು ಗ್ರಾಹಕನೇ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಗ್ರಾಹಕನೇ. ಹೊಸಪೇಟೆಯವರದು ಒಂದೇ ಗಾಡಿ, ಅವರೇ ಓಡಿಸುತ್ತಾರೆ, ಅವರ ಜಾಗ ಗಟ್ಟಿ. ಇಪ್ಪತ್ತು ಗಾಡಿ ಇಟ್ಟವರಿಗೆ ಈ ದಾರಿ ಕಷ್ಟ. ಗಾಡಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು.

ಬೈಕಂಪಾಡಿ_ಬಾಡಿಗೆ
ಆರ್‌ಟಿಒ ಕಡೆಯಿಂದ ತೊಂದರೆ ಬರುವುದಿಲ್ವಾ ಮಾರಾಯ್ರೆ? ಮಾರ್ಪಾಡು ಮಾಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ ಅಲ್ವಾ?

ದುರ್ಗದ_ವಕೀಲ
2019ರ ಜನವರಿಯ ತೀರ್ಪು, ಕೇರಳದ ಪ್ರಕರಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಡುವುದು ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಯಿತಾ ಎಂದು. ಇಂಟರ್‌ಕೂಲರ್ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಹಾಗಾಗಿ ಅದೊಂದೇ ಬದಲಾದರೆ ವಾದಕ್ಕೆ ಜಾಗ ಇದೆ. ಆದರೆ ಅದರ ಜೊತೆಗೆ ಇಸಿಯು ಮ್ಯಾಪ್ (ಡೀಸೆಲ್ ಬಿಡುವ ಲೆಕ್ಕ) ಬದಲಿಸಿದರೆ, ಇಜಿಆರ್ (ಹೊಗೆಯ ಸ್ವಲ್ಪ ಭಾಗವನ್ನು ಎಂಜಿನ್‌ಗೆ ವಾಪಸ್ ಬಿಡುವ ವ್ಯವಸ್ಥೆ) ಮುಚ್ಚಿದರೆ, ಯೂರಿಯಾ (ಹೊಗೆ ಶುದ್ಧ ಮಾಡಲು ಬಿಡುವ ದ್ರವ) ತಪ್ಪಿಸಿದರೆ ಹೊಗೆಯ ಮಾನದಂಡವೇ ಹೋಯಿತು. ಅಲ್ಲಿ 182ಎ ಕಲಂ ಬರುತ್ತದೆ. ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ.

ಹೊಸಪೇಟೆ_12ಚಕ್ರ
ಜೆ.ಸಿ. ರೋಡಿನವರು ಮ್ಯಾಪ್ ಕೂಡ ಮಾಡಿಸಿದರೆ ಒಳ್ಳೆಯದು ಅಂದಿದ್ದರು. 15 ಸಾವಿರ ಬೇರೆ.

ಹುಬ್ಬಳ್ಳಿ_ಗ್ಯಾರೇಜ್
ಖಂಡಿತ ಬೇಡ. ಲೀಕ್ ಇರುವ ಗಾಡಿಗೆ ಡೀಸೆಲ್ ಜಾಸ್ತಿ ಬಿಡುವ ಮ್ಯಾಪ್ ಹಾಕಿದರೆ ಸೈಲೆನ್ಸರ್ ಕಡೆಯ ಬಿಸಿ ಏರುತ್ತದೆ. ಮೊದಲು ಹೋಗುವುದು ಟರ್ಬೊ, ಆಮೇಲೆ ಪಿಸ್ಟನ್. ಆಗ ವಾರಂಟಿಯೂ ಇರುವುದಿಲ್ಲ. ಇದನ್ನು ನೋಡಿ ನೋಡಿ ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ನೀವು ಮಾಡಬೇಕಾದ್ದು ಇಷ್ಟು. ಶೋರೂಂಗೆ ಹೋಗಿ ಜಾಬ್ ಕಾರ್ಡ್ ತೆರೆಸಿ. "ಪಿಕಪ್ ಕಡಿಮೆ, ಮೈಲೇಜ್ 3.6ರಿಂದ 3.1, ರೀಜನರೇಶನ್ ವಾರಕ್ಕೆ ಮೂರು ಸಲ, ಇಂಟರ್‌ಕೂಲರ್ ಲೀಕ್ ಟೆಸ್ಟ್ ಮಾಡಿ" ಎಂದು ನಿಮ್ಮ ಮಾತಿನಲ್ಲೇ ಬರೆಸಿ. ಪ್ರತಿ ತೆಗೆದುಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ. ಬರೆದುಕೊಂಡ ಮೇಲೆ ಟೆಸ್ಟ್ ಮಾಡಲೇಬೇಕು. ಅವರು ಮಾಡುವಾಗ ಪಕ್ಕದಲ್ಲೇ ನಿಲ್ಲಿ.

ದುರ್ಗದ_ವಕೀಲ
ನೂರು ಸಲ ಹೌದು. ಗ್ರಾಹಕ ಆಯೋಗದಲ್ಲಿ ಮೊದಲು ಕೇಳುವುದು ಜಾಬ್ ಕಾರ್ಡನ್ನೇ.

ಬೈಕಂಪಾಡಿ_ಬಾಡಿಗೆ
ಈ ಮಳೆಗಾಲದಲ್ಲಿ ಶಿರಾಡಿ ಹೇಗಿದೆ ಯಾರಾದರೂ ಹೇಳಿ ಮಾರಾಯ್ರೆ. ಕಳೆದ ಸಲ ಗುಡ್ಡ ಜರಿದಾಗ ನೆಲ್ಯಾಡಿಯಲ್ಲಿ ಎರಡು ರಾತ್ರಿ ನಿಂತಿದ್ದೆ. ಚಾರ್ಮಾಡಿಯಲ್ಲಿ ನಮ್ಮ ಉದ್ದದ ಗಾಡಿ ಹೋಗುವುದಿಲ್ಲ.

ಘಟ್ಟದ_ಗಾಡಿ
ನಿನ್ನೆ ಬಂದೆ. ಮಾರನಹಳ್ಳಿ ಹತ್ತಿರ ಒಂದೇ ಕಡೆ ಬಿಡುತ್ತಿದ್ದರು, ಮುಕ್ಕಾಲು ಗಂಟೆ ಕಾದೆ. ರಾತ್ರಿ ಮಂಜು ಜಾಸ್ತಿ.

ಹೊಸಪೇಟೆ_12ಚಕ್ರ
ಹನ್ನೊಂದು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಎಲ್ಲರಿಗೂ ಮೊದಲು ಕೈಮುಗಿದು ಧನ್ಯವಾದ.

ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಜಾಬ್ ಕಾರ್ಡ್ ಬರೆಸಿದೆ. ಮೊದಲು "ಬೇಡ ಸಾರ್, ಸುಮ್ನೆ ಖರ್ಚು" ಅಂದರು. ಬರೆಯಿರಿ ಎಂದು ನಿಂತುಕೊಂಡೆ. ಇಂಟರ್‌ಕೂಲರಿನ ಎರಡೂ ಬಾಯಿ ಮುಚ್ಚಿ 30 ಪಿಎಸ್‌ಐ ಗಾಳಿ ತುಂಬಿಸಿದರು. 15 ಸೆಕೆಂಡಿಗೆ 12ಕ್ಕೆ ಇಳಿಯಿತು! ಸೋಪಿನ ನೀರು ಹಾಕಿದರೆ ಎಡಗಡೆ ಕೆಳಮೂಲೆಯಲ್ಲಿ, ಟ್ಯೂಬ್ ಬಂದು ಸೇರುವ ಜಾಗದಲ್ಲಿ ನೊರೆ ಉಕ್ಕಿತು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು. ನಾನು ವಿಡಿಯೋ ಮಾಡಿಕೊಂಡೆ. ಟರ್ಬೊ ಕಡೆಯ ಹೋಸ್ ಕೂಡ ಉಜ್ಜಿ ತೆಳ್ಳಗಾಗಿತ್ತು.

ಫೋಟೋ ಕಳಿಸಿ ಒಪ್ಪಿಗೆ ಬರಲು ನಾಲ್ಕು ದಿನ ಆಯಿತು. ಇಂಟರ್‌ಕೂಲರ್ ವಾರಂಟಿಯಲ್ಲಿ ಹೊಸದು ಹಾಕಿದರು. ಹೋಸ್ ರಬ್ಬರ್ ಐಟಂ, ಬರುವುದಿಲ್ಲ ಅಂದರು, 2,900 ಕೊಟ್ಟೆ. ನಾಲ್ಕು ದಿನದ ಬಾಡಿಗೆ ಹೋಯಿತು, ಅದು ಬೇಜಾರು. ಆದರೆ ನಿನ್ನೆ ಗೊಬ್ಬರ ತುಂಬಿಕೊಂಡು ಘಾಟಿ ಹತ್ತಿದೆ. ಅದೇ ಜಾಗ, ಮೂರನೇ ಗೇರ್. ಗಾಡಿಯ ಸದ್ದೇ ಬೇರೆ. ಮೈಲೇಜ್ 3.5 ಬಂದಿದೆ.

ನಿಪ್ಪಾಣಿ_ಡ್ರೈವರ್
ಓದಿ ಖುಷಿ ಆಯಿತು ಅಣ್ಣ. ಹೊಗೆ ಇಲ್ಲದಿದ್ದರೆ ಲೀಕ್ ಇಲ್ಲ ಎಂದು ನಾನು ಬರೆದದ್ದು ತಪ್ಪು. ನನಗೂ ಹೊಸ ವಿಷಯ ತಿಳಿಯಿತು.

ಪೀಣ್ಯ_ಎಂಜಿನಿಯರ್
ಹಳೆಯ ಇಂಟರ್‌ಕೂಲರ್ ಒಳಗೆ ಎಣ್ಣೆ ಇತ್ತಾ?

ಹೊಸಪೇಟೆ_12ಚಕ್ರ
ಒಳಗೆ ತೆಳ್ಳಗೆ ಜಿಡ್ಡು ಇತ್ತು. ಬಗ್ಗಿಸಿದರೆ ಸುರಿಯಲಿಲ್ಲ.

ಪೀಣ್ಯ_ಎಂಜಿನಿಯರ್
ಹಾಗಾದರೆ ಸರಿ. ಅಷ್ಟು ಜಿಡ್ಡು ಎಲ್ಲ ಗಾಡಿಯಲ್ಲೂ ಇರುತ್ತದೆ. ಲೋಟಗಟ್ಟಲೆ ಸುರಿದಿದ್ದರೆ ಟರ್ಬೊ ಸೀಲ್ ನೋಡಿಸಬೇಕಿತ್ತು.

ಹುಬ್ಬಳ್ಳಿ_ಗ್ಯಾರೇಜ್
ಬಹಳ ಸಂತೋಷ ಯಜಮಾನ್ರೆ. ಒಂದು ಪ್ರಶ್ನೆ. ಅಲ್ಲೇ ಯಾಕೆ ಸೀಳಿತು ಎಂದು ನೋಡಿದರಾ? ಕೆಳಮೂಲೆ ಅಂದರೆ ನನಗೆ ಮೌಂಟಿಂಗ್ ಬುಷ್ ಮೇಲೆ ಅನುಮಾನ. ರಬ್ಬರ್ ಸವೆದರೆ ಇಡೀ ಇಂಟರ್‌ಕೂಲರ್ ಅಲುಗಾಡುತ್ತದೆ, ಆ ಅಲುಗಾಟಕ್ಕೇ ಮೂಲೆ ಸೀಳುತ್ತದೆ. ಹಳೆಯ ಬುಷ್ ಮೇಲೆಯೇ ಹೊಸದನ್ನು ಕೂರಿಸಿದ್ದರೆ ಇದೂ ಒಂದು ವರ್ಷಕ್ಕೆ ಹೋಗುತ್ತದೆ.

ಹೊಸಪೇಟೆ_12ಚಕ್ರ
ಈಗಲೇ ಟಾರ್ಚ್ ಹಿಡಿದು ನೋಡಿ ಬಂದೆ. ಎಡಗಡೆ ಬುಷ್ ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ಸೋಮವಾರ ಲೋಡ್ ಇಳಿಸಿದ ಕೂಡಲೇ ನಾಲ್ಕೂ ಹಾಕಿಸುತ್ತೇನೆ.

ತುಮಕೂರು_ಟಿಪ್ಪರ್
ಹುಬ್ಬಳ್ಳಿ ಅಣ್ಣ, ನನ್ನ ಇನ್ನೊಂದು ಗಾಡಿಗೆ ವಾರಂಟಿ ಮುಗಿದಿದೆ. ಈ ಟೆಸ್ಟ್ ನಮ್ಮ ಶೆಡ್‌ನಲ್ಲೇ ಮಾಡಬಹುದಾ?

ಹುಬ್ಬಳ್ಳಿ_ಗ್ಯಾರೇಜ್
ಮಾಡಬಹುದು, ಆದರೆ ಹುಷಾರು. ಎರಡೂ ಬಾಯಿಗೆ ಸರಿಯಾದ ಅಳತೆಯ ಮುಚ್ಚಳ ಬೇಕು. ಮುಚ್ಚಳಕ್ಕೆ ಕ್ಲಾಂಪ್ ಹಾಕಿದ ಮೇಲೂ ಚೈನಿನಿಂದ ಕಟ್ಟಿ. ಗಾಳಿ ತುಂಬಿದಾಗ ಬಿಚ್ಚಿಕೊಂಡರೆ ಗುಂಡಿನ ಹಾಗೆ ಹಾರುತ್ತದೆ, ಎದುರಿಗೆ ಯಾರೂ ನಿಲ್ಲಬಾರದು. ಕಂಪ್ರೆಸರಿನಿಂದ ನೇರ ಗಾಳಿ ಬಿಡಬೇಡಿ, ನಡುವೆ ರೆಗ್ಯುಲೇಟರ್ ಮತ್ತು ಗೇಜ್ ಇರಲಿ. 30 ಪಿಎಸ್‌ಐ ಬಂದ ಮೇಲೆ ವಾಲ್ವ್ ಮುಚ್ಚಿ 15 ಸೆಕೆಂಡ್ ಎಣಿಸಿ. ಎಷ್ಟು ಇಳಿಯಬಹುದು ಎಂಬುದು ನಿಮ್ಮ ಎಂಜಿನ್ನಿನ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತದೆ. ಹಲವು ಎಂಜಿನ್‌ಗಳಿಗೆ 5 ಪಿಎಸ್‌ಐ ಒಳಗೆ ಇರಬೇಕು.

ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಶರ್ ಬೇಡ, ಫಿನ್ ಎಲ್ಲ ಮಲಗಿಬಿಡುತ್ತವೆ. ಬುಷ್ ಮೊದಲು ನೋಡಿ.

ತುಮಕೂರು_ಟಿಪ್ಪರ್
ಭಾನುವಾರ ಮಾಡುತ್ತೇನೆ. ಗೇಜ್ ಎಷ್ಟು ತೋರಿಸಿತು ಎಂದು ಇಲ್ಲೇ ಬರೆಯುತ್ತೇನೆ.